ಒಂದೇ ತಂತಿಯಲ್ಲಿ ಎಸಿ ಮತ್ತು ಡಿಸಿ

ಆಂಪ್ಲಿಫೈಯರ್ ದುರಸ್ತಿ ಕಲಿಯಲು ಬರುವವರಲ್ಲಿ ಹೆಚ್ಚಿನವರು, ಗೋಡೆಯ ಸಾಕೆಟ್‌ನಲ್ಲಿರುವುದು ಎಸಿ (ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್), ಬ್ಯಾಟರಿಯಲ್ಲಿರುವುದು ಡಿಸಿ (ಒಂದೇ ದಿಕ್ಕಿನ ವಿದ್ಯುತ್) ಎಂಬಲ್ಲಿಗೆ ವಿಷಯವನ್ನು ಮುಗಿಸಿಕೊಂಡಿರುತ್ತಾರೆ. ಇದು ತಪ್ಪಲ್ಲ, ಆದರೆ ಆಡಿಯೊ ಸರ್ಕ್ಯೂಟ್‌ಗೆ ಇಷ್ಟು ಸಾಲದು; ಅಲ್ಲಿ ಇವೆರಡೂ ಒಂದೇ ತಂತಿಯಲ್ಲಿ, ಒಂದೇ ಕ್ಷಣದಲ್ಲಿ ಕೂಡಿಯೇ ಇರುತ್ತವೆ.

ಮೈಕ್‌ನಿಂದ ಬರುವ ಸಿಗ್ನಲ್ ಎಸಿ. ನಾವು ಕೇಳಬಲ್ಲ ಧ್ವನಿಗೆ ಅದರ ವ್ಯಾಪ್ತಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. ಕೆಲವೇ ಮಿಲಿವೋಲ್ಟ್‌ನ ಈ ಸಿಗ್ನಲನ್ನು ನೇರವಾಗಿ ಸಿಲಿಕಾನ್ ಟ್ರಾನ್ಸಿಸ್ಟರ್‌ಗೆ ಕೊಟ್ಟರೆ ಏನೂ ಆಗದು, ಏಕೆಂದರೆ ಅದರ ಬೇಸ್‌ನಲ್ಲಿ, ಅಂದರೆ ಸಿಗ್ನಲ್ ಒಳಹೋಗುವ ಕಾಲಿನಲ್ಲಿ, ಸುಮಾರು 0.6 ವೋಲ್ಟ್ ಇಲ್ಲದೆ ಅದು ಎಚ್ಚರಗೊಳ್ಳುವುದೇ ಇಲ್ಲ. ಹಾಗಾಗಿ ಮೊದಲು ಡಿಸಿ ಕೊಟ್ಟು ಟ್ರಾನ್ಸಿಸ್ಟರನ್ನು ಅಣಿಗೊಳಿಸುತ್ತೇವೆ, ಇದೇ ಬಯಾಸ್. 12 ವೋಲ್ಟ್ ಸರಬರಾಜಿನ ಸರ್ಕ್ಯೂಟ್‌ನಲ್ಲಿ ಕಲೆಕ್ಟರನ್ನು (ವರ್ಧಿಸಿದ ಸಿಗ್ನಲ್ ಹೊರಬರುವ ಕಾಲು) 6 ವೋಲ್ಟ್‌ನ ಆಸುಪಾಸಿನಲ್ಲಿ ನಿಲ್ಲಿಸಿದರೆ, ಸಿಗ್ನಲ್ ಅಲ್ಲಿಂದ 9ಕ್ಕೆ ಏರಿ 3ಕ್ಕೆ ಇಳಿಯಲು ಧಾರಾಳವಾಗಿ ಜಾಗವಿರುತ್ತದೆ. ಯಾವುದೋ ರೆಸಿಸ್ಟರ್ ಕೆಟ್ಟು ಆ ಬಿಂದು 10 ವೋಲ್ಟ್‌ಗೆ ಸರಿದರೆ, 13ಕ್ಕೆ ಏರಬೇಕಾದ ಅಲೆಯ ನೆತ್ತಿ 12ರಲ್ಲೇ ಕತ್ತರಿಸಿಹೋಗಿ ಧ್ವನಿ ಒಡೆಯುತ್ತದೆ. ಕಿವಿಗೆ ದೋಷ ಎಸಿಯಲ್ಲಿ ಕೇಳಿಸಿದರೂ ಕೆಟ್ಟಿರುವುದು ಡಿಸಿ. ಯಾವ ಆಂಪ್ಲಿಫೈಯರ್ ತೆರೆದರೂ ನಾನು ಮೊದಲು ಡಿಸಿ ವೋಲ್ಟೇಜ್‌ಗಳನ್ನೇ ಅಳೆಯುವುದು ಇದಕ್ಕಾಗಿ.

ಆ 6 ವೋಲ್ಟ್ ಮುಂದಿನ ಹಂತಕ್ಕೆ ಹೋಗಬಾರದು, ಸಿಗ್ನಲ್ ಮಾತ್ರ ಹೋಗಬೇಕು. ಈ ಕೆಲಸ ಕಪ್ಲಿಂಗ್ ಕೆಪಾಸಿಟರ್‌ನದು. ಮುಂದಿನ ಹಂತದ ಇನ್‌ಪುಟ್ 10 ಕಿಲೋಓಮ್ ಇದ್ದಾಗ 1 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 16 ಹರ್ಟ್ಸ್‌ನಷ್ಟು ತಗ್ಗಿನ ಧ್ವನಿಯೂ ದಾಟುತ್ತದೆ, 0.1 ಹಾಕಿದರೆ 160 ಹರ್ಟ್ಸ್‌ನಿಂದಲೇ ತಗ್ಗತೊಡಗಿ ತಗ್ಗಿನ ಸ್ವರಗಳು ಸೊರಗುತ್ತವೆ. ಹಳತಾದ ಕೆಪಾಸಿಟರ್‌ಗಳು ಡಿಸಿಯನ್ನು ಸೋರಲು ಬಿಡುತ್ತವೆ; ಅದು ವಾಲ್ಯೂಮ್ ಕಂಟ್ರೋಲ್‌ಗೆ ತಲುಪಿದರೆ ತಿರುಗಿಸುವಾಗ ಸದ್ದಾಗುತ್ತದೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬರುತ್ತದೆಂದು ಕಂಟ್ರೋಲನ್ನೇ ಬದಲಿಸಿ, ಹೊಸದರಲ್ಲೂ ಅದೇ ಸದ್ದು ಕೇಳಿ ಕಂಗಾಲಾದವರನ್ನು ಹಲವು ಬಾರಿ ಕಂಡಿದ್ದೇನೆ. ಕಂಟ್ರೋಲ್‌ನ ತುದಿಗಳ ನಡುವೆ ಡಿಸಿ ಇದೆಯೇ ಎಂದು ಅಳೆದು ನೋಡಿದ್ದರೆ, ಸೋರುತ್ತಿರುವ ಕೆಪಾಸಿಟರ್ ಆಗಲೇ ಸಿಕ್ಕಿಬೀಳುತ್ತಿತ್ತು.

ಇದಕ್ಕೆ ವಿರುದ್ಧವಾದದ್ದು ಡಿಸಿಯಲ್ಲಿ ಉಳಿದುಹೋದ ಎಸಿ. 50 ಹರ್ಟ್ಸ್ ವಿದ್ಯುತ್ತನ್ನು ಬ್ರಿಡ್ಜ್ ರೆಕ್ಟಿಫೈಯರ್‌ನಿಂದ ಡಿಸಿ ಮಾಡಿದಾಗ ಮಿಗುವ ಏರಿಳಿತ 100 ಹರ್ಟ್ಸ್. ಒರಟಾದ ಈ 100 ಹರ್ಟ್ಸ್ ಗುಂಯ್‌ಗುಡುವಿಕೆ ಬಹುಮಟ್ಟಿಗೆ, ಆ ಏರಿಳಿತವನ್ನು ಸಮಗೊಳಿಸಬೇಕಾದ ಫಿಲ್ಟರ್ ಕೆಪಾಸಿಟರ್ ಸೊರಗಿರುವುದನ್ನು ತೋರಿಸುತ್ತದೆ. ಮಂದ್ರವಾದ 50 ಹರ್ಟ್ಸ್ ಕೇಳಿದರೆ ಶೀಲ್ಡ್ (ಸಿಗ್ನಲ್ ತಂತಿಯ ಲೋಹದ ಹೊದಿಕೆ) ಅಥವಾ ಗ್ರೌಂಡ್ ಸಂಪರ್ಕ ನೋಡಬೇಕು.

ಅತಿ ಗಂಭೀರವಾದದ್ದು ಸ್ಪೀಕರ್‌ಗೆ ತಲುಪುವ ಡಿಸಿ. ಧನ 30 ಮತ್ತು ಋಣ 30 ವೋಲ್ಟ್ ಸರಬರಾಜಿನ ಆಂಪ್ಲಿಫೈಯರ್‌ನಲ್ಲಿ ಒಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ, 8 ಓಮ್ ಸ್ಪೀಕರ್‌ನ ಸುಮಾರು 6 ಓಮ್ ರೋಧದ ಸುರುಳಿಯಲ್ಲಿ 5 ಆಂಪಿಯರ್ ಹರಿದು, 150 ವಾಟ್ ಪೂರ್ತಿ ಬಿಸಿಯಾಗಿಯೇ ವ್ಯಯವಾಗುತ್ತದೆ. ಕೋನ್ ಒಂದೇ ಕಡೆಗೆ ಸರಿದು ನಿಂತುಬಿಡುವುದರಿಂದ ಸುರುಳಿಗೆ ಗಾಳಿಯ ತಂಪೂ ಸಿಗದು, ಫ್ಯೂಸ್ ಹೋಗುವ ಮೊದಲೇ ಅದು ಸುಟ್ಟುಹೋಗಬಹುದು. ದುರಸ್ತಿಯಾದ ಆಂಪ್ಲಿಫೈಯರ್‌ಗೆ ಸ್ಪೀಕರ್ ಜೋಡಿಸುವ ಮುನ್ನ, ಇನ್‌ಪುಟ್ಟನ್ನು ಗ್ರೌಂಡ್‌ಗೆ ಶಾರ್ಟ್ ಮಾಡಿ ಔಟ್‌ಪುಟ್‌ನ ಡಿಸಿ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್‌ಗಳಷ್ಟಿದ್ದರೆ ಚಿಂತೆಯಿಲ್ಲ; ವೋಲ್ಟ್‌ಗಳ ಲೆಕ್ಕದಲ್ಲಿದ್ದರೆ ಸ್ಪೀಕರನ್ನು ದೂರವಿಟ್ಟು ಮತ್ತೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಿಂದಲೇ ಪರೀಕ್ಷೆ ಆರಂಭಿಸಿ.