ಕುಟುಂಬ ಯೋಜನೆಯ ಕಾರ್ಯಕ್ರಮಕ್ಕೆ ಚಾಲನೆ: ತವರುಮನೆಯನ್ನು ಲೆಕ್ಕಕ್ಕೆ ಹಿಡಿಯದ ನೋಂದಣಿ ಪುಸ್ತಕ

ಅಭಿವೃದ್ಧಿಶೀಲ ದೇಶದಲ್ಲಿ ಕುಟುಂಬ ಯೋಜನೆ ಮತ್ತು ಆರೋಗ್ಯ ನೀತಿಯ ಕಾರ್ಯಕ್ರಮಕ್ಕೆ ಚಾಲನೆ ಕೊಡುವುದು ಹೇಗೆ ಎಂದು ಪರೀಕ್ಷೆಯಲ್ಲಿ ಕೇಳಿದರೆ, ನಮ್ಮಲ್ಲಿ ಹೆಚ್ಚಿನವರು ಗುರಿ, ಅನುದಾನ, ತರಬೇತಿ, ಪ್ರಚಾರ, ಮೌಲ್ಯಮಾಪನ ಎಂದು ಸಾಲಾಗಿ ಬರೆದು ಮುಗಿಸುತ್ತೇವೆ. ಅಂಕಗಳೇನೋ ಬರುತ್ತವೆ, ಆದರೆ ಆ ಉತ್ತರದಲ್ಲಿ ಯಾವ ಊರೂ ಇರುವುದಿಲ್ಲ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳನ್ನು ಕಣ್ಣಮುಂದಿಟ್ಟುಕೊಂಡು, ಚಾಲನೆಗೆ ಮೊದಲು ಏನನ್ನು ತಿಳಿದುಕೊಂಡಿರಬೇಕು ಎಂಬುದನ್ನಷ್ಟೇ ಇಲ್ಲಿ ವಿವರಿಸಿದ್ದೇನೆ.

ಹಿನ್ನೆಲೆ ಚಿಕ್ಕದಾಗಿ ಗೊತ್ತಿದ್ದರೆ ಸಾಕು. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. ನಮ್ಮ ಭಾಗ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಆ ಕೀರ್ತಿಯಲ್ಲಿ ನಮಗೆ ಪಾಲಿಲ್ಲ. ಭಾರತ ಸರ್ಕಾರ 1952ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದು, ಒತ್ತಾಯದ ಕಹಿ ಉಳಿದುಕೊಂಡಿದ್ದರಿಂದ 1977ರಲ್ಲಿ ಇಲಾಖೆಯ ಹೆಸರೇ ‘ಕುಟುಂಬ ಕಲ್ಯಾಣ’ ಎಂದಾಯಿತು. ಜನಸಂಖ್ಯೆ ಮತ್ತು ಅಭಿವೃದ್ಧಿ ಕುರಿತ 1994ರ ಕೈರೋ ಅಂತರರಾಷ್ಟ್ರೀಯ ಸಮ್ಮೇಳನದ ನಂತರ, 1996ರಲ್ಲಿ, ಒಂದೊಂದು ಗರ್ಭನಿರೋಧಕ ವಿಧಾನಕ್ಕೂ ಇಂತಿಷ್ಟು ಎಂದು ನಿಗದಿಪಡಿಸುತ್ತಿದ್ದ ಗುರಿಗಳನ್ನು ಕೈಬಿಡಲಾಯಿತು. ಗುರಿ ಹೋಯಿತಾದರೂ ‘ನಿರೀಕ್ಷಿತ ಸಾಧನಾ ಮಟ್ಟ’ ಎಂಬ ಅದರ ಕಿರಿಯ ಸೋದರ ಕಡತದಲ್ಲಿ ಉಳಿದುಕೊಂಡ.

ಈಗ ನಮ್ಮ ರಾಜ್ಯದ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ (ಒಬ್ಬ ಮಹಿಳೆ ಸರಾಸರಿ ಹೆರುವ ಮಕ್ಕಳ ಸಂಖ್ಯೆ) 1.7, ಒಂದು ಪೀಳಿಗೆಯ ಜಾಗವನ್ನು ಮುಂದಿನ ಪೀಳಿಗೆ ತುಂಬಲು ಬೇಕಾದ 2.1ಕ್ಕಿಂತ ಇದು ಕಡಿಮೆ. ವಿವಾಹಿತ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರೆ, ಗಂಡಸರ ಪಾಲು ಸೊನ್ನೆಗೆ ಸಮೀಪದಲ್ಲಿದೆ. ಹೀಗಿರುವಾಗ ‘ಜನಸಂಖ್ಯೆ ಇಳಿಸೋಣ’ ಎಂದು ಇಲ್ಲಿ ಹೊಸ ಕಾರ್ಯಕ್ರಮ ಆರಂಭಿಸುವುದಕ್ಕೆ ಅರ್ಥವಿಲ್ಲ. ಕೇಳಬೇಕಾದದ್ದು ‘ಈಡೇರದ ಅಗತ್ಯ’ ಎಷ್ಟಿದೆ ಎಂಬುದು. ಅಂದರೆ, ಇನ್ನು ಮಗು ಬೇಡವೆಂದೋ ಕನಿಷ್ಠ ಎರಡು ವರ್ಷ ತಡವಾಗಲೆಂದೋ ಬಯಸುತ್ತಿದ್ದರೂ ಯಾವ ವಿಧಾನವನ್ನೂ ಬಳಸದಿರುವ ಮಹಿಳೆಯರು ಎಷ್ಟು ಮಂದಿ ಎಂಬುದು. ‘ಬೇಡ’ ಎನ್ನುವವಳಿಗೆ ಆಪರೇಷನ್ ಇದೆ. ‘ಸದ್ಯಕ್ಕೆ ಬೇಡ’ ಎನ್ನುವವಳ ಮಾತನ್ನು ಕೇಳಿಸಿಕೊಳ್ಳುವ ವ್ಯವಸ್ಥೆಯೇ ನಮ್ಮಲ್ಲಿ ತೆಳುವಾಗಿದೆ.

ಆ ಎರಡನೆಯವಳನ್ನು ಹುಡುಕಹೊರಟರೆ ಮೊದಲು ಎದುರಾಗುವುದು ತವರುಮನೆ. ಬಯಲುಸೀಮೆಯಲ್ಲಿ ಸುಮಾರು 5,000 ಜನರಿಗೆ ಒಂದು ಆರೋಗ್ಯ ಉಪಕೇಂದ್ರ, 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ನಿಯಮ. ಅರ್ಹ ದಂಪತಿಗಳ, ಅಂದರೆ ಹೆಂಡತಿ ಹೆರುವ ವಯಸ್ಸಿನಲ್ಲಿರುವ ದಂಪತಿಗಳ, ನೋಂದಣಿ ಪುಸ್ತಕವೂ ಇದೇ ಗಡಿಯೊಳಗೆ ಸಿದ್ಧವಾಗುತ್ತದೆ. ಆದರೆ ನಮ್ಮ ಕಡೆಯ ಚೊಚ್ಚಲ ಬಸುರಿ ಈ ಗಡಿಯೊಳಗೆ ನಿಲ್ಲುವವಳಲ್ಲ. ಗದಗ ಜಿಲ್ಲೆಯ ರೋಣದ ಹಳ್ಳಿಯ ಸೊಸೆ ಕುಬುಸ (ಸೀಮಂತ) ಮುಗಿಸಿಕೊಂಡು ಹಾವೇರಿ ಜಿಲ್ಲೆಯ ಸವಣೂರಿನ ಹತ್ತಿರದ ತವರಿಗೆ ಹೋಗುತ್ತಾಳೆ, ಹೆರಿಗೆ ಅಲ್ಲಿ ಆಗುತ್ತದೆ, ಬಾಣಂತನ ಮುಗಿಸಿ ಮೂರನೆಯ ಅಥವಾ ಐದನೆಯ ತಿಂಗಳಿಗೆ ಗಂಡನ ಮನೆಗೆ ಮರಳುತ್ತಾಳೆ ಎಂದುಕೊಳ್ಳಿ. ಹೆರಿಗೆಯಾದ 48 ಗಂಟೆಗಳೊಳಗೆ ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಹಾಕಿಸಬಹುದೆಂಬ ಮಾತನ್ನು ತವರಿನ ಆಸ್ಪತ್ರೆಯವರು ಎತ್ತಿದರೆ, ‘ಅತ್ತಿಯವರನ್ನ ಕೇಳಬೇಕ್ರೀ’ ಎಂಬ ಉತ್ತರ ಬರುತ್ತದೆ. ಗಂಡನ ಊರಿನ ಆಶಾ ಮನೆಗೆ ಬರುವ ಹೊತ್ತಿಗೆ ಆ ಅವಕಾಶ ದಾಟಿಹೋಗಿರುತ್ತದೆ. ಇನ್ನೂ ಮುಟ್ಟಾಗಿಲ್ಲವಾದ್ದರಿಂದ ಗರ್ಭ ನಿಲ್ಲುವುದಿಲ್ಲ ಎಂಬ ನಂಬಿಕೆ ಅವಳನ್ನು ಮತ್ತಷ್ಟು ನಿಶ್ಚಿಂತಳನ್ನಾಗಿಸುತ್ತದೆ. ಮುಟ್ಟು ಮರಳುವ ಮೊದಲೇ ಅಂಡ ಬಿಡುಗಡೆಯಾಗಬಹುದು. ಎದೆಹಾಲಿನ ರಕ್ಷಣೆಯನ್ನು ನಂಬಬಹುದಾದದ್ದು, ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡದೆ, ತಾಯಿಗೂ ಮುಟ್ಟು ಬಾರದೆ ಇರುವ ಮೊದಲ ಆರು ತಿಂಗಳು ಮಾತ್ರ. ಆದ್ದರಿಂದ ಈ ಮಾತುಕತೆ ಕುಬುಸಕ್ಕೆ ಮೊದಲೇ, ತಾಯಿ ಕಾರ್ಡ್ ಕೊಡುವಾಗಲೇ, ಸಾಧ್ಯವಾದರೆ ಅತ್ತೆ ಮತ್ತು ಗಂಡನ ಎದುರಿನಲ್ಲಿ, ಆದರೆ ಅವಳ ಮನಸ್ಸನ್ನು ಮೊದಲು ಒಂಟಿಯಾಗಿ ಕೇಳಿಕೊಂಡು ನಡೆಯಬೇಕೆಂಬುದು ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಬರೆದ ನೀತಿಯಲ್ಲಿ ‘ಪ್ರಸವಾನಂತರದ ಸೇವೆ’ ಎಂಬ ಒಂದೇ ಪದ ಇರುತ್ತದೆ. ಅದು ಇಲ್ಲಿ ಎರಡು ಜಿಲ್ಲೆ, ಎರಡು ಉಪಕೇಂದ್ರ, ಇಬ್ಬರು ಆಶಾಗಳ ನಡುವೆ ಹಂಚಿಹೋಗುತ್ತದೆ.

ಸಾಮಗ್ರಿಯ ವಿಷಯವನ್ನು ಪಠ್ಯಗಳು ಒಂದು ಸಾಲಿನಲ್ಲಿ ದಾಟಿಸುತ್ತವೆ, ಅದು ಸರಿಯಲ್ಲ. ‘ಅಂತರ’ ಎಂಬ ಗರ್ಭನಿರೋಧಕ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳಬೇಕು. ಉದ್ಘಾಟನೆಯ ದಿನ ಮೊದಲ ಡೋಸು ಕೊಟ್ಟು, ಎರಡನೆಯದಕ್ಕೆ ಬಂದವಳನ್ನು ‘ದಾಸ್ತಾನು ಇಲ್ಲ’ ಎಂದು ವಾಪಸು ಕಳಿಸಿದರೆ ಅವಳಷ್ಟೇ ಅಲ್ಲ, ಅವಳ ಓಣಿಯೇ ದೂರವಾಗುತ್ತದೆ. ಆರು ತಿಂಗಳ ದಾಸ್ತಾನು ಕೈಗೆ ಬರುವವರೆಗೆ ಚಾಲನೆಯನ್ನು ಮುಂದೂಡುವುದೇ ಲೇಸು.

ಚಾಲನೆ ಯಾವ ತಿಂಗಳಲ್ಲಿ ಎಂಬ ಆಯ್ಕೆಯೂ ಹಾಗೆಯೇ. ಹೆಣ್ಣುಮಕ್ಕಳ ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಒಂದು ವಾರ ಭಾರ ಎತ್ತಬಾರದೆಂದು ಹೇಳುತ್ತಾರೆ. ಬ್ಯಾಡಗಿ ಸುತ್ತ ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಕೂಲಿ ಬಿಟ್ಟು ಮಲಗಲು ಯಾವ ಹೆಣ್ಣುಮಗಳಿಗೂ ಪುರಸೊತ್ತಿರುವುದಿಲ್ಲ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ ಕಚೇರಿಗೆ ಅನುಕೂಲವೇ ಹೊರತು ಹೊಲಕ್ಕಲ್ಲ. ಇದಕ್ಕೆ ಹೋಲಿಸಿದರೆ, ಚಾಕು ಬಳಸದ ಪುರುಷ ಸಂತಾನಹರಣ ಶಸ್ತ್ರಚಿಕಿತ್ಸೆ ಸರಳವಾದದ್ದು, ಒಂದೆರಡು ದಿನದ ವಿಶ್ರಾಂತಿ ಸಾಕು. ಆದರೆ ಅದಾದ ಮೇಲೆ ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿಪಡಿಸಿಕೊಳ್ಳಬೇಕೆಂಬುದನ್ನು ಹೇಳದೆ ಬಿಟ್ಟರೆ, ನಂತರ ಗರ್ಭ ನಿಂತಾಗ ಊರವರ ಅನುಮಾನ ಬೀಳುವುದು ಹೆಂಡತಿಯ ಮೇಲೆ.