ಮುಂದಿನ ಬ್ರೇಕು ಮತ್ತು ಎರಡು ಸೆಕೆಂಡು: ಹೊಸದಾಗಿ ಗಾಡಿ ಕಲಿಯುವವರಿಗೆ ಟಿಪ್ಪಣಿ

ನನಗೆ ಬೈಕ್ ಕಲಿಸಿದ್ದು ಚಿಕ್ಕಪ್ಪ. ಊರಾಚೆಯ ಮೈದಾನದಲ್ಲಿ ಎರಡು ಭಾನುವಾರ, ಅಷ್ಟೇ. ಕ್ಲಚ್ ಮೆಲ್ಲಗೆ ಬಿಡುವುದು, ಗೇರ್ ಬದಲಿಸುವುದು, ಕಾಲು ಊರದೆ ತಿರುಗಿಸುವುದು ಕೈಗೆ ಹತ್ತಿತು. ಮನೆಗೆ ಹೊರಡುವಾಗ ಅವರು ಹೇಳಿದ ಕೊನೆಯ ಪಾಠ ಹೀಗಿತ್ತು: "ಮುಂದಿನ ಬ್ರೇಕ್ ಮಾತ್ರ ಮುಟ್ಟಬೇಡ ಕಣೋ, ಮಗುಚಿ ಬೀಳ್ತೀಯ." ನಿಮ್ಮಲ್ಲಿ ಅನೇಕರಿಗೆ ಅಪ್ಪನೋ ಅಣ್ಣನೋ ಇದೇ ಮಾತು ಹೇಳಿರುತ್ತಾರೆ. ನಮ್ಮ ಮೇಲಿನ ಕಾಳಜಿಯಿಂದಲೇ ಹೇಳಿದ್ದಾರೆ. ಆದರೂ ಅದು ತಪ್ಪು ಪಾಠ. ಈ ಟಿಪ್ಪಣಿ ಮುಖ್ಯವಾಗಿ ಅದನ್ನು ತಿದ್ದುವುದಕ್ಕಾಗಿ.

ಮೊದಲು ಒಂದು ಹಳೆಯ ಅಧ್ಯಯನ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ 1970ರ ದಶಕದಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ ಸುಮಾರು 900 ಬೈಕ್ ಅಪಘಾತಗಳನ್ನು ಖುದ್ದು ಪರಿಶೀಲಿಸಿತು. ಜೊತೆಗೆ 3,600 ಪೊಲೀಸ್ ವರದಿಗಳನ್ನೂ ಓದಿತು. 1981ರಲ್ಲಿ ಹೊರಬಂದ ಆ ವರದಿಯ ಮೂರು ಮಾತು ನಮಗೆ ಬೇಕು. ಒಂದು, ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಶೇ. 92ರಷ್ಟು ಜನ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಎರಡು, ಅಪಾಯ ಎದುರಾದ ಮೇಲೆ ತಪ್ಪಿಸಿಕೊಳ್ಳಲು ಅವರಿಗೆ ಸಾಮಾನ್ಯವಾಗಿ ಸಿಕ್ಕ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಮೂರು, ಆ ಹೊತ್ತಿನಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನು ಜೋರಾಗಿ ತುಳಿದು ಚಕ್ರ ಸ್ಕಿಡ್ ಮಾಡಿಕೊಂಡಿದ್ದರು. ಮುಂದಿನದನ್ನು ಸಾಕಷ್ಟು ಹಿಡಿದಿರಲೇ ಇಲ್ಲ.

ಅದು ದೂರದ ಊರು, ಬೇರೆ ಕಾಲ, ದೊಡ್ಡ ಬೈಕುಗಳು. ಆದರೆ ಮೂರನೆಯ ಮಾತು ಓದಿದಾಗ ನನಗೆ ನೆನಪಾದದ್ದು ಚಿಕ್ಕಪ್ಪನ ಪಾಠ, ಮತ್ತು ಕಲಿತ ಮೂರನೇ ತಿಂಗಳಲ್ಲಿ ನಾಯಿಯೊಂದು ಅಡ್ಡ ಬಂದಾಗ ನನ್ನ ಹಿಂದಿನ ಚಕ್ರ ಜಾರಿ ನಾನು ಮೊಣಕೈ ಕೆತ್ತಿಸಿಕೊಂಡದ್ದು. ಆ ಹೊತ್ತಿಗೆ ಮುಂದಿನ ಬ್ರೇಕಿನ ಮೇಲೆ ನನ್ನ ಬೆರಳೇ ಇರಲಿಲ್ಲ.

ಯಾಕೆ ಮುಂದಿನದು? ಬಸ್ಸಿನಲ್ಲಿ ನಿಂತಿರುವಾಗ ಡ್ರೈವರ್ ಬ್ರೇಕ್ ಹಾಕಿದರೆ ನಾವು ಮುಂದಕ್ಕೆ ವಾಲುತ್ತೇವಲ್ಲ, ಗಾಡಿಯಲ್ಲೂ ಹಾಗೆಯೇ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ಭಾರ ಬಿದ್ದ ಚಕ್ರ ರಸ್ತೆಯನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದೆಯೇ ಇದೆ. ಚಿಕ್ಕಪ್ಪನ ಹೆದರಿಕೆಗೂ ಕಾರಣವಿಲ್ಲದಿಲ್ಲ: ಭಾರ ಮುಂದಕ್ಕೆ ಬರುವ ಮೊದಲೇ ಲಿವರನ್ನು ಗಕ್ಕನೆ ಎಳೆದರೆ, ಅಥವಾ ಹ್ಯಾಂಡಲ್ ತಿರುಗಿರುವಾಗ ಎಳೆದರೆ, ಮುಂದಿನ ಚಕ್ರ ತಿರುಗದೆ ಕಟ್ಟಿಕೊಂಡು ಬೀಳುವುದು ಖಂಡಿತ. ಆದ್ದರಿಂದ ಗಾಡಿ ನೇರ ಮಾಡಿ, ನಿಂಬೆಹಣ್ಣು ಹಿಂಡುವಂತೆ, ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ ಹಿಂಡಬೇಕು. ಹಿಂದಿನದನ್ನು ಜೊತೆಗೆ ಹದವಾಗಿ ತುಳಿಯಬೇಕು. ಮುಂದಿನ ಚಕ್ರ ಜಾರಿದಂತೆ ಅನಿಸಿದರೆ ತಕ್ಷಣ ಬಿಟ್ಟು ಮತ್ತೆ ಹಿಂಡಬೇಕು.

ಒಂದು ಲೆಕ್ಕ ಮಾಡೋಣ. ಎರಡೂ ಬ್ರೇಕ್ ಸರಿಯಾಗಿ ಹಿಡಿದಾಗ ಗಾಡಿಯ ವೇಗ ಪ್ರತಿ ಸೆಕೆಂಡಿಗೂ ಗಂಟೆಗೆ 18 ಕಿ.ಮೀ.ನಷ್ಟು ಇಳಿಯುತ್ತದೆ, ಹಿಂದಿನದೊಂದನ್ನೇ ತುಳಿದರೆ ಅದರ ಅರ್ಧ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣು ಕಂಡು ಕೈ ಆಡಲು ಒಂದು ಸೆಕೆಂಡು ಹೋಯಿತು, 17 ಮೀಟರ್ ಆಯಿತು. ನಂತರ ಬ್ರೇಕಿನಲ್ಲಿ 28 ಮೀಟರ್. ಒಟ್ಟು 45ಕ್ಕೆ ಗಾಡಿ ನಿಂತಿತು. ಹಿಂದಿನದನ್ನಷ್ಟೇ ನಂಬಿದವರು ನಿಲ್ಲಲು 72 ಮೀಟರ್ ಬೇಕು. ಮೊದಲನೆಯವರು ನಿಂತ ಜಾಗದಲ್ಲಿ ಎರಡನೆಯವರು ಇನ್ನೂ 42 ಕಿ.ಮೀ. ವೇಗದಲ್ಲಿರುತ್ತಾರೆ. ಈ 42ನ್ನು ದಯವಿಟ್ಟು ನೆನಪಿಡಿ. ಇನ್ನು ಇಬ್ಬರೂ 40ರಲ್ಲಿ ಹೊರಟಿದ್ದರೆ, ಸರಿಯಾಗಿ ಬ್ರೇಕ್ ಹಿಡಿದವರಿಗೆ 23 ಮೀಟರೇ ಸಾಕಿತ್ತು.

ನಿಮ್ಮ ಗಾಡಿಯಲ್ಲಿ ಏನಿದೆ ಎಂದು ಇವತ್ತೇ ನೋಡಿ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. 125 ಸಿಸಿವರೆಗಿನವಕ್ಕೆ ಕನಿಷ್ಠ ಸಿಬಿಎಸ್. ಸಿಬಿಎಸ್ ಇದ್ದರೆ ಹಿಂದಿನ ಬ್ರೇಕ್ ಹಿಡಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಆದರೆ ಅದೇ ಸಾಕು ಎಂದು ಬಲಗೈ ಸುಮ್ಮನಿರಬಾರದು. ಎಬಿಎಸ್ ಚಕ್ರ ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಸಿಂಗಲ್ ಚಾನೆಲ್ ಆದರೆ ಆ ಕಾವಲು ಒಂದೇ ಚಕ್ರಕ್ಕೆ, ಸಾಮಾನ್ಯವಾಗಿ ಮುಂದಿನದಕ್ಕೆ. ಹಿಂದಿನದು ಆಗಲೂ ಜಾರಬಹುದು.

ಡಿಎಲ್ ಸಿಕ್ಕಿತಲ್ಲ, ಇನ್ನೇನು ಎನ್ನುವವರಿದ್ದಾರೆ. ಎಲ್‌ಎಲ್‌ಆರ್ ಆಗಿ 30 ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ನಾನು ಕೊಟ್ಟ ಪರೀಕ್ಷೆಯಲ್ಲಿ ಕಾಲು ಊರದೆ ಎಂಟು ಹಾಕಿದ್ದೇ ಮುಖ್ಯವಾಗಿತ್ತು. ಎಂಟು ಹಾಕುವುದು ಒಳ್ಳೆಯದೇ, ನಿಧಾನ ವೇಗದ ಹಿಡಿತ ಅದರಿಂದ ಬರುತ್ತದೆ. ಆದರೆ ನಾನು 40ರಿಂದ ಎಷ್ಟು ದೂರದಲ್ಲಿ ನಿಲ್ಲಬಲ್ಲೆ ಎಂದು ಯಾರೂ ನೋಡಲಿಲ್ಲ. ಬ್ರಿಟನ್ನಿನ ಬೈಕ್ ಪರೀಕ್ಷೆಯ ಮೊದಲ ಭಾಗದಲ್ಲೂ ಎಂಟು ಇದೆ. ಅದರ ಜೊತೆಗೆ 50 ಕಿ.ಮೀ. ವೇಗದಿಂದ ಫಕ್ಕನೆ ನಿಲ್ಲಿಸುವುದು, ಅದೇ ವೇಗದಲ್ಲಿ ಅಡ್ಡಿಯೊಂದನ್ನು ತಪ್ಪಿಸಿ ಸಾಗುವುದು ಎರಡನ್ನೂ ಮಾಡಿ ತೋರಿಸಬೇಕು. ನಮ್ಮಲ್ಲೂ ಇದು ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಶೇ. 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು.

ಸುರಕ್ಷತಾ ತರಬೇತಿ ಕೊಡುವ ಜಾಗ ಹತ್ತಿರವಿದ್ದರೆ ಒಂದು ದಿನ ರಜೆ ಹಾಕಿಯಾದರೂ ಹೋಗಿ. ಇಲ್ಲದಿದ್ದರೆ ಅನುಭವಿಯೊಬ್ಬರನ್ನು ಕರೆದುಕೊಂಡು ಖಾಲಿ ಮೈದಾನಕ್ಕೆ ಹೋಗಿ. ಟಾರು ಅಥವಾ ಕಾಂಕ್ರೀಟ್ ನೆಲ ಇರಲಿ, ಮಣ್ಣು ಬೇಡ. ಐಎಸ್‌ಐ ಗುರುತಿನ ಹೆಲ್ಮೆಟ್, ಗದ್ದದ ಪಟ್ಟಿ ಬಿಗಿದು. ಪೂರ್ತಿ ತೋಳಿನ ಅಂಗಿ, ಶೂ. 20ರಿಂದ ಶುರುಮಾಡಿ. ಒಂದು ಇಟ್ಟಿಗೆ ಗುರುತಿಟ್ಟು, ಅದನ್ನು ದಾಟಿದೊಡನೆ ಎರಡೂ ಬ್ರೇಕ್ ಹಿಂಡಿ, ಕ್ಲಚ್ ಹಿಡಿದು ನಿಲ್ಲಿಸಿ. ಹೆಜ್ಜೆಯಲ್ಲಿ ಅಳೆಯಿರಿ. ಅಳತೆ ಕಡಿಮೆಯಾಗುತ್ತ ಬಂದ ಮೇಲೆ 30, ಆಮೇಲೆ 40. ನೋಟ ದೂರದಲ್ಲಿರಲಿ, ಚಕ್ರದ ಮೇಲಲ್ಲ. ಕಣ್ಣು ಗುಂಡಿಯನ್ನೇ ನೋಡಿದರೆ ಗಾಡಿಯೂ ಗುಂಡಿಗೇ ಹೋಗುತ್ತದೆ.

ರಸ್ತೆಗಿಳಿದ ಮೇಲೆ ಮೈದಾನದಲ್ಲಿ ಇಲ್ಲದ ಕೆಲವು ಸಂಗತಿಗಳು ಎದುರಾಗುತ್ತವೆ. ಮೊದಲ ಮಳೆಗೆ ರಸ್ತೆಯ ಎಣ್ಣೆಯ ಜಿಡ್ಡು ಮೇಲೆದ್ದು ಜಾರುತ್ತದೆ. ತಿರುವಿನಲ್ಲಿ ಜಲ್ಲಿ, ಬಣ್ಣ ಬಳಿಯದ ಹಂಪ್. ಸುಗ್ಗಿಯಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ: ರಾಗಿ, ಹುರುಳಿ ಹರಡಿರುತ್ತಾರೆ. ಆ ಹುಲ್ಲಿನ ಮೇಲೆ ಹೋಗಿ ಬ್ರೇಕ್ ಹಿಡಿಯಬೇಡಿ. ಅದು ಕಂಡ ಕೂಡಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಇಟ್ಟು, ಒಂದೇ ನಿಧಾನ ವೇಗದಲ್ಲಿ ದಾಟಿ.

ಹರ್ಟ್ ವರದಿಯ ಇನ್ನೊಂದು ಮಾತು: ಆ ಸವಾರರಿಗೆ ಒಟ್ಟಾರೆ ಸರಾಸರಿ ಮೂರು ವರ್ಷದ ಹತ್ತಿರದ ಅನುಭವವಿತ್ತು. ಆದರೆ ಅಪಘಾತವಾದ ಆ ಬೈಕಿನ ಮೇಲೆ ಅರ್ಧಕ್ಕಿಂತ ಹೆಚ್ಚು ಜನರ ಅನುಭವ ಐದು ತಿಂಗಳಿಗಿಂತ ಕಡಿಮೆ. ಗೆಳೆಯನ ಗಾಡಿ ಎರಡು ದಿನಕ್ಕೆ ಸಿಕ್ಕಿತೇ? ಹೊಸದು ಕೊಂಡಿರಾ? ಮೊದಲು ಅದನ್ನು ಆ ಇಟ್ಟಿಗೆಯ ಬಳಿಗೆ ಒಯ್ದು, 20ರಿಂದ ಶುರುಮಾಡಿ.