ಹಾರ್ಪ್ಸಿಕಾರ್ಡ್‌ಗೆ ಗಮಕ ಬಾರದು, ಬೇರೆ ತುಂಬಾ ಬರುತ್ತದೆ

ಹಾರ್ಪ್ಸಿಕಾರ್ಡ್ ನೋಡಲು ಪಿಯಾನೋ ಥರ ಇದೆ, ಒಳಗಿನ ಕೆಲಸ ಮಾತ್ರ ವೀಣೆಗೆ ಹತ್ತಿರ. ಪಿಯಾನೋದಲ್ಲಿ ಸುತ್ತಿಗೆ ಬಡಿಯುತ್ತದೆ. ಇಲ್ಲಿ ಕೀ ಒತ್ತಿದರೆ ಮರದ ಪಟ್ಟಿಯೊಂದು ಮೇಲೇರುತ್ತದೆ, ಅದರಲ್ಲಿರುವ ಪುಟ್ಟ ಮೊನೆ (ಹಿಂದೆ ಹಕ್ಕಿಯ ಗರಿಯದು, ಈಗ ಜಾಸ್ತಿ ಪ್ಲಾಸ್ಟಿಕ್‌ದು) ತಂತಿಯನ್ನು ಮೀಟುತ್ತದೆ. ಜೋರಾಗಿ ಒತ್ತಿ, ಮೆಲ್ಲಗೆ ಒತ್ತಿ, ಸದ್ದು ಹೆಚ್ಚುಕಡಿಮೆ ಅಷ್ಟೇ. ಮೀಟಿದ ತಂತಿಯನ್ನು ಎಳೆಯಲು ಬೆರಳಿಗೆ ದಾರಿಯೇ ಇಲ್ಲ. ಗಮಕ ಅಲ್ಲಿಗೆ ಮುಗಿಯಿತು.

1789ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಬರ್ಡ್ ಎಂಬ ಸಂಗೀತಗಾರ ಹಿಂದೂಸ್ತಾನಿ ಹಾಡುಗಳನ್ನು ಹಾರ್ಪ್ಸಿಕಾರ್ಡ್‌ಗೆ ಹೊಂದಿಸಿ ಕಲ್ಕತ್ತಾದಲ್ಲಿ ಅಚ್ಚು ಹಾಕಿಸಿದ. ಧಾಟಿ ಉಳಿಯಿತು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಹೋಯಿತು, ಮೇಲೆ ಯುರೋಪಿನ ಹಾರ್ಮನಿ (ಹಲವು ಸ್ವರ ಒಟ್ಟಿಗೆ ನುಡಿಸುವ ಜೋಡಣೆ) ಬಂದು ಕೂತಿತು. ಈ ವಾದ್ಯಕ್ಕೆ ಬರೆಯುವ ಸಂಯೋಜಕರು ಹೊರಗಿನಿಂದ ಬರೀ ಧಾಟಿ ತರುವುದು ದಂಡ ಅಂತ ನನಗನ್ನಿಸುತ್ತದೆ. ಶ್ರುತಿ ತನ್ನಿ, ಲಯ ತನ್ನಿ.

ಶ್ರುತಿಯಲ್ಲಿ ಇಂಡೋನೇಷ್ಯಾದ ಬಾಲಿ ದ್ವೀಪದ ಗ್ಯಾಮೆಲಾನ್ (ಹೆಚ್ಚಾಗಿ ಬಡಿದು ನುಡಿಸುವ ಲೋಹದ ವಾದ್ಯಗಳ ಮೇಳ) ಮಜವಾಗಿದೆ. ಅಲ್ಲಿ ಜೋಡಿ ವಾದ್ಯಗಳನ್ನು ಬೇಕಂತಲೇ ಚೂರು ಬೇರೆ ಶ್ರುತಿಗೆ ಇಡುತ್ತಾರೆ, ಒಟ್ಟಿಗೆ ನುಡಿಸಿದಾಗ ಸದ್ದು ಅಲೆಅಲೆಯಾಗಿ ಮಿಡಿಯುತ್ತದೆ. ದೊಡ್ಡ ಹಾರ್ಪ್ಸಿಕಾರ್ಡ್‌ನಲ್ಲಿ ಒಂದೇ ಸ್ವರಕ್ಕೆ ಎರಡು ಸಾಲು ತಂತಿ ಇರುತ್ತವೆ. ಒಂದನ್ನು 220 ಹರ್ಟ್ಸ್‌ಗೆ, ಇನ್ನೊಂದನ್ನು 227ಕ್ಕೆ ಇಟ್ಟು ಎರಡನ್ನೂ ಒಟ್ಟಿಗೆ ಮೀಟಿಸಿದರೆ ಸೆಕೆಂಡಿಗೆ 7 ಮಿಡಿತ. ಒಂದು ಚಿಕ್ಕ ತೊಡಕಿದೆ: ಅದೇ ಅನುಪಾತವನ್ನು ಮೇಲಿನ ಸ್ಥಾಯಿಗೂ ಇಟ್ಟರೆ ಮಿಡಿತ 14 ಆಗಿ ಗಡಿಬಿಡಿ ಅನ್ನಿಸುತ್ತದೆ. ಬಾಲಿಯವರು ಅನುಪಾತ ಬಿಟ್ಟು ಮಿಡಿತದ ವೇಗವನ್ನೇ ಸುಮಾರಾಗಿ ಒಂದೇ ಥರ ಇಡುತ್ತಾರೆ. ಸಂಯೋಜಕರೂ ಹಾಗೇ ಮಾಡಬಹುದು. ಹಾರ್ಪ್ಸಿಕಾರ್ಡ್ ವಾದಕರು ಹೇಗೂ ಶ್ರುತಿಯನ್ನು ತಾವೇ ಮಾಡಿಕೊಳ್ಳುತ್ತಾರೆ, ಕಿವಿಯಲ್ಲಿ ಮಿಡಿತ ಎಣಿಸುವುದು ಅವರಿಗೆ ದಿನದ ಕೆಲಸ.

ಲಯದ ಕಡೆ, ಬಾಲಿಯಲ್ಲೇ ಇಬ್ಬರು ಹಂಚಿಕೊಂಡು ನುಡಿಸುವ ಕೊಟೆಕಾನ್ ಇದೆ: ಒಬ್ಬರು ಬಿಟ್ಟ ಸಂದಿಗೆ ಇನ್ನೊಬ್ಬರ ಪೆಟ್ಟು. ಪಿಯಾನೋದಲ್ಲಿ ಎರಡು ಕೈಗೂ ಒಂದೇ ಸ್ವರ ಕೊಟ್ಟರೆ ಬೆರಳುಗಳು ಒಂದೇ ಕೀ ಮೇಲೆ ಗುದ್ದಾಡುತ್ತವೆ. ಎರಡು ಕೀಬೋರ್ಡ್ ಇರುವ ಹಾರ್ಪ್ಸಿಕಾರ್ಡ್‌ನಲ್ಲಿ ಆ ಜಗಳ ಇಲ್ಲ. ಸಂಯೋಜಕ ಜಾರ್ಜಿ ಲಿಗೆಟಿ ಹಾರ್ಪ್ಸಿಕಾರ್ಡ್‌ಗೆಂದೇ ಬರೆದ 1968ರ 'ಕಂಟಿನ್ಯುಅಂ'ನಲ್ಲಿ ಇದನ್ನೇ ಬಳಸಿಕೊಂಡ. ಸ್ವರಗಳು ಎಷ್ಟು ಬೇಗ ಬರುತ್ತವೆ ಅಂದರೆ ಕಿವಿ ಬಿಡಿಬಿಡಿಯಾಗಿ ಹಿಡಿಯಲಾರದೆ ಒಂದೇ ಎಳೆಯಾಗಿ ಕೇಳಿಸಿಕೊಳ್ಳುತ್ತದೆ. (ಅದು ಬಾಲಿಯಿಂದ ಬಂದದ್ದು ಅಂತ ಹೇಳುತ್ತಿಲ್ಲ, ದಾರಿ ಮಾತ್ರ ಅಲ್ಲಿ ಕಾಣುತ್ತದೆ.)

ಏರಿಳಿತ ಬೇಕಾದರೆ? ಸ್ವರ ಜಾಸ್ತಿ ಮಾಡಿ, ಕಮ್ಮಿ ಮಾಡಿ. ದಟ್ಟವಾದಷ್ಟೂ ಜೋರು. ಪಿಯಾನೋದಂತೆ ಸದ್ದು ಹಿಡಿದಿಡುವ ಪೆಡಲ್ ಇಲ್ಲದ ಕಾರಣ ಕೈ ಎತ್ತಿದ ತಕ್ಷಣ ಫೆಲ್ಟ್ ತುಂಡು ಸದ್ದನ್ನು ನಿಲ್ಲಿಸುತ್ತದೆ, ತಂಬೂರಿಯಂಥ ಆಧಾರಸ್ವರ ಬರೆದರೆ ಒಂದು ಬೆರಳನ್ನು ಅದಕ್ಕೇ ಮೀಸಲಿಡಬೇಕು, ಮತ್ತೆ ಮತ್ತೆ ಮೀಟಲು.